ಕೊಡಗಿನ ರಸ್ತೆಗೆ ಯಾವ ‘ಅಡಾಸ್’ ಕಾರು? ಘಾಟಿ, ಮಂಜು ಮತ್ತು ಎಕ್ಸ್‌ಪ್ರೆಸ್‌ವೇಯನ್ನು ಮುಂದಿಟ್ಟುಕೊಂಡ ಹೋಲಿಕೆ

ರೊಬಸ್ಟಾ ಕಾಫಿಗೆ ಒಳ್ಳೆಯ ಬೆಲೆ ಬಂದ ಮೇಲೆ ಸುಂಟಿಕೊಪ್ಪದ ಸುತ್ತಮುತ್ತ ನನ್ನ ಪರಿಚಯದ ನಾಲ್ಕೈದು ಮನೆಗಳ ಅಂಗಳದಲ್ಲಿ ಹಳೆಯ ಜೀಪಿನ ಪಕ್ಕಕ್ಕೆ ಹೊಸ ಕಾರು ಬಂದು ನಿಂತಿದೆ. ಕೊಳ್ಳುವ ಮುನ್ನ ಅವರೆಲ್ಲರೂ ಕೇಳಿದ ಪ್ರಶ್ನೆ ಒಂದೇ: ತಾನಾಗಿಯೇ ಬ್ರೇಕ್ ಹಾಕುವ, ಸ್ಟೇರಿಂಗ್ ತಿರುಗಿಸುವ ‘ಅಡಾಸ್’ (ಚಾಲಕನಿಗೆ ನೆರವಾಗುವ ವ್ಯವಸ್ಥೆ) ಇರುವ ಮೇಲಿನ ವೇರಿಯಂಟನ್ನೇ ತೆಗೆದುಕೊಳ್ಳಬೇಕೆ, ಅಥವಾ ಅದಿಲ್ಲದ ಕಾರು ಕೊಂಡು ಲಕ್ಷಕ್ಕೂ ಮಿಕ್ಕಿದ ಆ ಹಣವನ್ನು ಉಳಿಸಿಕೊಳ್ಳಬಹುದೆ? ಶೋರೂಮಿನವರು ಕೊಡುವ ಉತ್ತರ ಮೈಸೂರಿನ ರಿಂಗ್ ರಸ್ತೆಗೆ ಸರಿಹೊಂದುತ್ತದೆ. ಸಂಪಾಜೆ ಘಾಟಿಗೂ ಆನೆಕಾಡಿಗೂ ಮಾಕುಟ್ಟದ ಇಳಿಜಾರಿಗೂ ಸರಿಹೊಂದುವ ಉತ್ತರ ಬೇರೆಯೇ ಇದೆ. ಮೂರು ವರ್ಷಗಳಿಂದ ಇಂಥ ಕಾರನ್ನು ಈ ರಸ್ತೆಗಳಲ್ಲಿ ಓಡಿಸುತ್ತಿರುವ, ತಿಂಗಳಿಗೆ ಒಂದೆರಡು ಬಾರಿ ತಾಯಿಯ ಚಿಕಿತ್ಸೆಗೆಂದು ಮೈಸೂರಿಗೂ ಮಗಳನ್ನು ನೋಡಲೆಂದು ಬೆಂಗಳೂರಿಗೂ ಹೋಗಿಬರುವ ಬೆಳೆಗಾರನಾಗಿ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಪಾಯದ ಕ್ಷಣದಲ್ಲಿ ಮಾತ್ರ ಎದ್ದು ಬರುವ ಸೌಲಭ್ಯಗಳಿಗೆ ಹಣ ಕೊಡಿ, ನಿಮ್ಮ ಬದಲಿಗೆ ಕಾರು ಓಡಿಸಲು ಮುಂದಾಗುವ ಸೌಲಭ್ಯಗಳಿಗೆಂದೇ ಹೆಚ್ಚು ಹಣ ಕೊಡಬೇಡಿ.

‘ಲೆವೆಲ್’ ಎಂಬ ಅಂಕೆಯನ್ನು ಓದುವ ಬಗೆ

ಜಾಹೀರಾತುಗಳಲ್ಲಿ ಕಾಣುವ ‘ಲೆವೆಲ್ 1’, ‘ಲೆವೆಲ್ 2’ ಎಂಬ ಅಂಕೆಗಳು ಎಸ್‌ಎಇ ಎಂಬ ಅಂತರರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ ಮೊದಲು ಪ್ರಕಟಿಸಿ, 2021ರಲ್ಲಿ ಪರಿಷ್ಕರಿಸಿದ ವರ್ಗೀಕರಣದಿಂದ ಬಂದವು. ಸೊನ್ನೆಯಿಂದ ಐದರವರೆಗೆ ಆರು ಹಂತಗಳಿವೆ. ಲೆವೆಲ್ 1ರಲ್ಲಿ ಕಾರು ವೇಗವನ್ನಾಗಲಿ ಸ್ಟೇರಿಂಗನ್ನಾಗಲಿ, ಎರಡರಲ್ಲಿ ಒಂದನ್ನು ಮಾತ್ರ ನಿಭಾಯಿಸುತ್ತದೆ. ಲೆವೆಲ್ 2ರಲ್ಲಿ ಎರಡನ್ನೂ ಒಟ್ಟಿಗೆ ನಿಭಾಯಿಸುತ್ತದೆ, ಆದರೆ ರಸ್ತೆಯ ಮೇಲಿನ ಕಣ್ಣನ್ನು ಚಾಲಕ ಒಂದು ಗಳಿಗೆಯೂ ತೆಗೆಯುವಂತಿಲ್ಲ. ಲೆವೆಲ್ 3ರಿಂದ ಮುಂದಕ್ಕೆ ಮಾತ್ರ, ಅದೂ ನಿಗದಿತ ಸನ್ನಿವೇಶಗಳಲ್ಲಿ, ರಸ್ತೆ ನೋಡುವ ಹೊಣೆ ಯಂತ್ರಕ್ಕೆ ಹೋಗುತ್ತದೆ. ಜಪಾನಿನಲ್ಲಿ ಹೋಂಡಾ 2021ರಲ್ಲಿ ಲೆಜೆಂಡ್ ಕಾರಿಗೆ ಇದನ್ನು ಅಳವಡಿಸಿ ನೂರು ಕಾರುಗಳನ್ನಷ್ಟೇ ಬಾಡಿಗೆ ಕರಾರಿನ ಮೇಲೆ ಕೊಟ್ಟಿತು. ಜರ್ಮನಿಯಲ್ಲಿ ಮರ್ಸಿಡಿಸ್ 2022ರಲ್ಲಿ ತಂದ ವ್ಯವಸ್ಥೆ ಮೊದಲಿಗೆ ಹೆದ್ದಾರಿಯ ವಾಹನದಟ್ಟಣೆಯಲ್ಲಿ, ಗಂಟೆಗೆ 60 ಕಿ.ಮೀ. ಮೀರದ ವೇಗದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಚಾಲಕನಿಲ್ಲದೆ ಬಾಡಿಗೆಗೆ ಓಡುವ ವೇಮೋ ಕಾರುಗಳು ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊದಂಥ ನಗರಗಳಲ್ಲಿ, ಮೊದಲೇ ಇಂಚಿಂಚು ನಕ್ಷೆ ಮಾಡಿಟ್ಟುಕೊಂಡ ಬೀದಿಗಳಲ್ಲಿ ಓಡುತ್ತವೆ. ಅವು ಲೆವೆಲ್ 4.

ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯ ಕೊಳ್ಳುಗನ ಕೈಗೆಟುಕುವುದು ಲೆವೆಲ್ 1 ಮತ್ತು 2 ಮಾತ್ರ. ಚಾಲಕರ ಉದ್ಯೋಗ ಹೋಗುತ್ತದೆಂಬ ಕಾರಣ ನೀಡಿ, ಚಾಲಕರಹಿತ ಕಾರುಗಳನ್ನು ದೇಶಕ್ಕೆ ಬಿಡುವುದಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದ್ದಾರೆ. ಆದ್ದರಿಂದ ‘ಇನ್ನೆರಡು ವರ್ಷ ಕಾದರೆ ತಾನೇ ಓಡುವ ಕಾರು ಬರುತ್ತದೆ’ ಎಂದು ಖರೀದಿಯನ್ನು ಮುಂದೂಡುವವರಿಗೆ ನನ್ನ ಸಲಹೆ, ಆ ಲೆಕ್ಕವನ್ನು ಬಿಟ್ಟುಬಿಡಿ ಎಂಬುದೇ.

ಈ ವರ್ಗೀಕರಣದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಡಿಕ್ಕಿ ತಪ್ಪಿಸಲು ಕ್ಷಣಮಾತ್ರ ಮಧ್ಯಪ್ರವೇಶಿಸುವ ತುರ್ತು ಬ್ರೇಕ್, ಪಕ್ಕದ ಕುರುಡು ಜಾಗದಲ್ಲಿ ವಾಹನವಿದೆಯೆಂದು ಎಚ್ಚರಿಸುವ ದೀಪ, ಇವು ಎಸ್‌ಎಇ ಪ್ರಕಾರ ಬರುವುದು ಲೆವೆಲ್ ಸೊನ್ನೆಯಲ್ಲಿ, ಏಕೆಂದರೆ ಇವು ಕಾರನ್ನು ಓಡಿಸುವುದಿಲ್ಲ, ಓಡಿಸುವವನನ್ನು ಕಾಯುತ್ತವೆ. ಅಂದರೆ ಲೆವೆಲ್ 2 ಎಂಬ ಅಂಕೆ ಲೆವೆಲ್ 1ಕ್ಕಿಂತ ಕಾರು ಎಷ್ಟು ಸುರಕ್ಷಿತ ಎಂಬುದನ್ನು ಹೇಳುವುದೇ ಇಲ್ಲ. ಎಷ್ಟು ಕೆಲಸವನ್ನು ಅದು ವಹಿಸಿಕೊಳ್ಳುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಎರಡು ಕಾರುಗಳನ್ನು ಹೋಲಿಸುವಾಗ ಲೆವೆಲ್ ಕೇಳಬೇಡಿ, ಒಂದೊಂದು ಸೌಲಭ್ಯವನ್ನೂ ಹೆಸರು ಹಿಡಿದು ಕೇಳಿ.

ಯಾವುದರಿಂದ ನಿಜವಾಗಿ ಜೀವ ಉಳಿದಿದೆ

ಅಮೆರಿಕದ ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಎಂಬ ಹೆದ್ದಾರಿ ಸುರಕ್ಷತಾ ಸಂಸ್ಥೆ ಈ ಸೌಲಭ್ಯಗಳನ್ನು ಬೇರೆಬೇರೆಯಾಗಿ ಅಳೆದು ನೋಡಿದೆ. ಬರೀ ಎಚ್ಚರಿಕೆಯ ಸದ್ದು ಮಾಡುವ ಕಾರುಗಳಲ್ಲಿ ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಅಪಘಾತಗಳು ಶೇ 27ರಷ್ಟು ಕಡಿಮೆಯಾಗಿದ್ದವು. ಎಚ್ಚರಿಸಿ ತಾನೇ ಬ್ರೇಕನ್ನೂ ಹಾಕುವ ಕಾರುಗಳಲ್ಲಿ ಶೇ 50ರಷ್ಟು. ಪಾದಚಾರಿಗಳನ್ನು ಗುರುತಿಸುವ ತುರ್ತು ಬ್ರೇಕಿನಿಂದ ಪಾದಚಾರಿಗಳಿಗೆ ಡಿಕ್ಕಿ ಹೊಡೆಯುವುದು ಶೇ 27ರಷ್ಟು ತಗ್ಗಿತ್ತು, ಆದರೆ ಬೀದಿದೀಪವಿಲ್ಲದ ಕತ್ತಲೆಯ ರಸ್ತೆಗಳಲ್ಲಿ ಆ ಸೌಲಭ್ಯ ಇದ್ದ ಕಾರಿಗೂ ಇಲ್ಲದ ಕಾರಿಗೂ ವ್ಯತ್ಯಾಸವೇ ಕಂಡುಬರಲಿಲ್ಲ. ಸಂಜೆ ಆರೂವರೆಗೆ ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೋ ಗೋಣಿಕೊಪ್ಪದಿಂದ ಕುಟ್ಟದ ಕಡೆಗೋ ಹೊರಡುವ ನಮಗೆ ಈ ಕೊನೆಯ ಮಾತು ಬಹಳ ಮುಖ್ಯ. ತೋಟದ ಕೆಲಸ ಮುಗಿಸಿ ರಸ್ತೆಯಂಚಿನಲ್ಲಿ ಸಾಲಾಗಿ ಲೈನ್ ಮನೆಗೆ ನಡೆದುಹೋಗುವ ಕಾರ್ಮಿಕರು, ತಲೆಯ ಮೇಲೆ ಸೌದೆ ಹೊತ್ತ ಹೆಂಗಸರು ಇರುವುದೇ ಅಂಥ ದೀಪವಿಲ್ಲದ ರಸ್ತೆಗಳಲ್ಲಿ.

ಇನ್ನು ವೇಗವನ್ನೂ ಸ್ಟೇರಿಂಗನ್ನೂ ಒಟ್ಟಿಗೆ ನಿಭಾಯಿಸುವ ವ್ಯವಸ್ಥೆಗಳ ವಿಷಯ. ಅದೇ ಸಂಸ್ಥೆ 2024ರಲ್ಲಿ, ಇಂಥ ಅರೆ ಸ್ವಯಂಚಾಲನೆಯಿಂದ ಅಪಘಾತಗಳು ಕಡಿಮೆಯಾಗುತ್ತವೆ ಎಂಬುದಕ್ಕೆ ಮನವೊಪ್ಪುವ ಪುರಾವೆ ಸಿಗಲಿಲ್ಲವೆಂದು ಹೇಳಿತು. ಚಾಲಕನ ಗಮನ ತಪ್ಪದಂತೆ ಇವು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತವೆ ಎಂದು ಆ ವರ್ಷ 14 ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ 11 ವ್ಯವಸ್ಥೆಗಳು ‘ಕಳಪೆ’ ಎನಿಸಿಕೊಂಡವು. ‘ಸ್ವೀಕಾರಾರ್ಹ’ ಎನಿಸಿಕೊಂಡದ್ದು ಲೆಕ್ಸಸ್‌ನ ಒಂದೇ ಒಂದು. ಟೆಸ್ಲಾ ತನ್ನ ‘ಆಟೋಪೈಲಟ್’ನಲ್ಲಿ ಚಾಲಕನ ಮೇಲಿನ ನಿಗಾ ಸಾಲದೆಂಬ ಕಾರಣಕ್ಕೆ 2023ರ ಡಿಸೆಂಬರ್‌ನಲ್ಲಿ ಅಮೆರಿಕದ 20 ಲಕ್ಷಕ್ಕೂ ಹೆಚ್ಚು ಕಾರುಗಳ ತಂತ್ರಾಂಶವನ್ನು ಸರಿಪಡಿಸಬೇಕಾಗಿ ಬಂತು. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪೆ ನಗರದಲ್ಲಿ ಊಬರ್‌ನ ಪ್ರಾಯೋಗಿಕ ಕಾರು ರಾತ್ರಿ ವೇಳೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಡಿಕ್ಕಿ ಹೊಡೆದಾಗ, ಕಾರನ್ನು ಕಾಯಬೇಕಾಗಿದ್ದ ವ್ಯಕ್ತಿ ಮೊಬೈಲ್ ನೋಡುತ್ತಿದ್ದರು. ಮನುಷ್ಯನ ಸ್ವಭಾವವೇ ಹಾಗೆ: ಪೂರ್ತಿ ಕೆಲಸ ಕೊಟ್ಟರೆ ಎಚ್ಚರವಾಗಿರುತ್ತಾನೆ, ಬರೀ ಕಾವಲು ಕೂರಿಸಿದರೆ ಹತ್ತು ನಿಮಿಷಕ್ಕೆ ಮನಸ್ಸು ಬೇರೆಡೆಗೆ ಹೋಗುತ್ತದೆ.

ಅಡಾಸ್ ಗದ್ದಲದಲ್ಲಿ ಮರೆತೇಹೋಗುವ ಹಳೆಯ ಸೌಲಭ್ಯವೊಂದಿದೆ, ಇಎಸ್‌ಸಿ. ತಿರುವಿನಲ್ಲಿ ಕಾರು ಜಾರತೊಡಗಿದಾಗ ಇದು ಒಂದೊಂದು ಚಕ್ರಕ್ಕೂ ಬೇರೆಬೇರೆಯಾಗಿ ಬ್ರೇಕ್ ಕೊಟ್ಟು ಕಾರನ್ನು ಹಾದಿಗೆ ತರುತ್ತದೆ. ಇನ್ನೊಂದು ವಾಹನದ ಸಂಬಂಧವಿಲ್ಲದೆ ಕಾರು ತಾನೊಂದೇ ರಸ್ತೆ ಬಿಟ್ಟು ಹೋಗುವ ಮಾರಣಾಂತಿಕ ಅಪಘಾತಗಳ ಸಂಭವವನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂಬುದೂ ಐಐಎಚ್‌ಎಸ್ ಕಂಡುಕೊಂಡದ್ದೇ. ಒಂದು ಕಡೆ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ), ಇನ್ನೊಂದು ಕಡೆ ಪ್ರಪಾತ, ನಡುವೆ ಸಿಲ್ವರ್ ಓಕ್ ಎಲೆ ಉದುರಿ ಒದ್ದೆಯಾದ ಡಾಂಬರು ಇರುವ ನಮ್ಮ ಜಿಲ್ಲೆಗೆ ಇದಕ್ಕಿಂತ ಹೊಂದುವ ಸೌಲಭ್ಯ ನನಗೆ ತೋಚುವುದಿಲ್ಲ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ, ಕಾರುಗಳ ಸುರಕ್ಷತೆಯನ್ನು ಅಳೆದು ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ನಕ್ಷತ್ರ ಪಡೆಯಬೇಕಾದರೆ ಇಎಸ್‌ಸಿ ಇರಲೇಬೇಕು. ಈಗ ಹಲವು ಕಾರುಗಳ ಕೆಳಗಿನ ವೇರಿಯಂಟ್‌ಗಳಲ್ಲೂ ಇದು ಸಿಗುತ್ತದೆ. ಇಎಸ್‌ಸಿ ಇಲ್ಲದ ಕಾರನ್ನು, ಬೆಲೆ ಎಷ್ಟೇ ಕಡಿಮೆಯಿರಲಿ, ಮಡಿಕೇರಿಯ ರಸ್ತೆಗೆಂದು ಕೊಳ್ಳಬೇಡಿ.

ಕ್ಯಾಮೆರಾ ಒಂದೇ ಸಾಕೆ, ರೇಡಾರ್ ಬೇಕೆ?

ಕಾರುಗಳ ನಡುವಿನ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿ. ಹೋಂಡಾದ ಸಿಟಿ, ಎಲಿವೇಟ್, ಅಮೇಜ್‌ಗಳಲ್ಲಿ ಮುಂಗಾಜಿನ ಹಿಂದೆ ಕನ್ನಡಿಯ ಬಳಿ ಕೂರಿಸಿದ ಒಂದು ಕ್ಯಾಮೆರಾವೇ ಮುಂದಿನದನ್ನೆಲ್ಲ ನೋಡುತ್ತದೆ. 2023ರ ಹ್ಯುಂಡೈ ವೆನ್ಯೂ ಮತ್ತು ಅದರ ಬೆನ್ನಿಗೆ ಬಂದ ಕಿಯಾ ಸೋನೆಟ್‌ಗಳ ಲೆವೆಲ್ 1 ವ್ಯವಸ್ಥೆಯೂ ಕ್ಯಾಮೆರಾವನ್ನೇ ನಂಬಿತ್ತು. ಮಹೀಂದ್ರ ಎಕ್ಸ್‌ಯುವಿ 700, ಟಾಟಾ ಹ್ಯಾರಿಯರ್, ಹ್ಯುಂಡೈ ಕ್ರೆಟಾ, ಕಿಯಾ ಸೆಲ್ಟೋಸ್‌ನ ಮೇಲಿನ ವೇರಿಯಂಟ್‌ಗಳಲ್ಲಿ ಕ್ಯಾಮೆರಾದ ಜೊತೆಗೆ ಮುಂಭಾಗದಲ್ಲಿ ರೇಡಾರ್ ಕೂಡ ಇದೆ. 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ಅಮೇಜ್, ಶೋರೂಂ ಬೆಲೆ ಹತ್ತು ಲಕ್ಷ ದಾಟದ ಕಾರಿಗೂ ಅಡಾಸ್ ತಂದುಕೊಟ್ಟಿತು. ರೇಡಾರ್ ಬಿಟ್ಟು ಕ್ಯಾಮೆರಾ ಒಂದನ್ನೇ ಬಳಸಿದ್ದರಿಂದ ಅದು ಸುಲಭವಾಯಿತು.

ಕ್ಯಾಮೆರಾ ನಮ್ಮ ಕಣ್ಣಿನಂತೆ. ಬಿಳಿ ಗೆರೆ, ಮನುಷ್ಯ, ಸ್ಕೂಟರು, ಲಾರಿ ಎಂದು ಬಿಡಿಸಿ ಗುರುತಿಸುವುದು ಅದಕ್ಕೆ ಸುಲಭ, ಆದರೆ ನಮ್ಮ ಕಣ್ಣಿಗೆ ಕಾಣದಿದ್ದದ್ದು ಅದಕ್ಕೂ ಕಾಣುವುದಿಲ್ಲ. ರೇಡಾರ್ ಮಂಜನ್ನೂ ಕತ್ತಲನ್ನೂ ದಾಟಿ ದೂರವನ್ನೂ ವೇಗವನ್ನೂ ನಿಖರವಾಗಿ ಅಳೆಯುತ್ತದೆ, ಆದರೆ ಅಳೆದದ್ದು ಏನೆಂದು ಹೇಳುವುದು ಅದಕ್ಕೆ ಕಷ್ಟ. ರಸ್ತೆಬದಿಯ ಕಂಬ, ಸೇತುವೆ, ಮೋರಿಯ ಕಟ್ಟೆ ಎಲ್ಲವೂ ಪ್ರತಿಧ್ವನಿಸುವುದರಿಂದ, ಅಲುಗದೆ ನಿಂತಿರುವ ವಸ್ತುಗಳನ್ನು ಹೆಚ್ಚು ವೇಗದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಹಲವು ವ್ಯವಸ್ಥೆಗಳನ್ನು ಹೊಂದಿಸಿರುತ್ತಾರೆ. ಹಾಗಾಗಿ ‘ರೇಡಾರ್ ಇದೆ, ಮಂಜಿನಲ್ಲಿ ಚಿಂತೆಯಿಲ್ಲ’ ಎಂದು ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಮುಂದಿರುವುದು ವಾಹನವೇ ಎಂದು ಕ್ಯಾಮೆರಾ ಖಚಿತಪಡಿಸದಿದ್ದರೆ ಬ್ರೇಕ್ ಹಾಕದ, ಕ್ಯಾಮೆರಾ ಮುಸುಕಾದೊಡನೆ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಿಬಿಡುವ ಕಾರುಗಳಿವೆ.

ನನ್ನ ಕಾರಿನಲ್ಲಿ ಎರಡೂ ಇವೆ. ಹೋದ ವರ್ಷದ ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಮಳೆಯ ತಿಂಗಳಲ್ಲಿ, ಸಂಜೆ ಐದೂವರೆಯ ಹೊತ್ತಿಗೆ, ಕೆದಕಲ್ ದಾಟಿ ಬೋಯಿಕೇರಿಯ ಏರು ಹತ್ತುತ್ತಿದ್ದೆ. ಮಳೆ ನಿಂತಿರಲಿಲ್ಲ, ಮಂಜು ಬಾನೆಟ್ಟಿನ ಮೇಲೆಯೇ ಮಲಗಿದಂತಿತ್ತು. ಮೀಟರಿನ ನಡುವೆ ಮುಂದಿನ ವಾಹನವನ್ನು ತೋರಿಸುವ ಹಸಿರು ಚಿತ್ರ ಮೊದಲು ಬೂದುಬಣ್ಣಕ್ಕೆ ತಿರುಗಿತು, ಆಮೇಲೆ ಮಾಯವಾಯಿತು. ಕಿತ್ತಳೆ ಬಣ್ಣದ ತ್ರಿಕೋನವೊಂದು ಹೊತ್ತಿಕೊಂಡು, ಕ್ಯಾಮೆರಾದ ನೋಟಕ್ಕೆ ಅಡ್ಡಿಯಾಗಿದೆ, ಡಿಕ್ಕಿ ತಡೆಯುವ ವ್ಯವಸ್ಥೆ ಸದ್ಯ ಕೆಲಸ ಮಾಡುವುದಿಲ್ಲ ಎಂಬ ಸಂದೇಶ ಮೂಡಿತು. ಸುಮಾರು ಹದಿನೈದು ಮೀಟರು ಮುಂದೆ ಗೊಬ್ಬರದ ಮೂಟೆ ತುಂಬಿದ ಪಿಕಪ್ ಒಂದು ಏರು ಹತ್ತಲಾರದೆ ನಿಂತಿತ್ತು. ಅದರ ಹಿಂಬದಿಯ ದೀಪಗಳಿಗೆ ಕೆಸರು ಮೆತ್ತಿಕೊಂಡು ಬೆಳಕೇ ಹೊರಬರುತ್ತಿರಲಿಲ್ಲ. ಮೂಟೆಗೆ ಹೊದಿಸಿದ ನೀಲಿ ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿದ್ದುದು ಕಣ್ಣಿಗೆ ಬಿದ್ದದ್ದರಿಂದ ಬ್ರೇಕ್ ತುಳಿದೆ. ಕಾರು ಒಂದು ಸಣ್ಣ ಸದ್ದನ್ನೂ ಮಾಡಲಿಲ್ಲ. ತನಗೆ ಕಾಣುತ್ತಿಲ್ಲ ಎಂಬುದನ್ನು ಅದು ಪ್ರಾಮಾಣಿಕವಾಗಿ ಮೊದಲೇ ಹೇಳಿತ್ತು. ಆ ಸಂದೇಶ ಓದಿದ ಕೂಡಲೇ ವೇಗವನ್ನು ಇಪ್ಪತ್ತಕ್ಕೆ ಇಳಿಸಿದ್ದರಿಂದಲೇ ನಾನು ಬಚಾವಾದದ್ದು. ಆದ್ದರಿಂದ ಕಾರು ಹೋಲಿಸುವಾಗ ಒಂದು ವಿಷಯವನ್ನು ತಪ್ಪದೆ ನೋಡಿ: ವ್ಯವಸ್ಥೆ ನಿಂತುಹೋದಾಗ ಅದನ್ನು ಎಷ್ಟು ಸ್ಪಷ್ಟವಾಗಿ, ಎಷ್ಟು ಬೇಗ ಹೇಳುತ್ತದೆ? ಮೂಲೆಯಲ್ಲಿ ಸಣ್ಣ ದೀಪವೊಂದನ್ನು ಮಾತ್ರ ಹೊತ್ತಿಸಿ ಸುಮ್ಮನಾಗುವ ಕಾರಿಗಿಂತ, ಸದ್ದು ಮಾಡಿ ಪೂರ್ತಿ ವಾಕ್ಯದಲ್ಲಿ ತಿಳಿಸುವ ಕಾರು ನಮ್ಮ ಮಳೆಗಾಲಕ್ಕೆ ಎಷ್ಟೋ ಮೇಲು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆ ನಾಲ್ಕು ತಿಂಗಳು ಅಡಾಸ್ ಇದ್ದೂ ಇಲ್ಲದಂತೆ ಎಂದು ಎಣಿಸಿಕೊಂಡೇ ಬೆಲೆಯನ್ನು ತೂಗಿನೋಡಬೇಕು.

ಘಾಟಿಯಲ್ಲಿ

ಲೇನ್ ಕಾಯುವ ಸೌಲಭ್ಯ ಬಹುತೇಕ ಕಾರುಗಳಲ್ಲಿ ಗಂಟೆಗೆ ಸುಮಾರು 60 ಕಿ.ಮೀ. ವೇಗ ದಾಟಿದ ಮೇಲೆಯೇ ಎಚ್ಚರಗೊಳ್ಳುತ್ತದೆ. ಅದಕ್ಕೆ ಎರಡೂ ಬದಿಯ ಗೆರೆಗಳು ಕಾಣಬೇಕು. ಮಾಕುಟ್ಟದಲ್ಲಿ ಆ ವೇಗವೂ ಇಲ್ಲ, ಗೆರೆಯೂ ಇಲ್ಲ. ಸಂಪಾಜೆ ಘಾಟಿಯಲ್ಲಿ ಗೆರೆ ಇರುವಲ್ಲಿ ತೊಂದರೆ ಬೇರೆ ಬಗೆಯದು: ಗುಂಡಿಯನ್ನೋ ಬರೆಯಿಂದ ಉರುಳಿಬಿದ್ದ ಕಲ್ಲನ್ನೋ ತಪ್ಪಿಸಲು ನೀವು ಗೆರೆ ದಾಟಿದರೆ ಕಾರು ಸ್ಟೇರಿಂಗನ್ನು ಮರಳಿ ಎಳೆಯುತ್ತದೆ. ಎಳೆತ ಸಣ್ಣದು, ಕೈ ಬಿಗಿ ಹಿಡಿದರೆ ಸಾಕು, ಆದರೆ ಅದನ್ನು ನಿರೀಕ್ಷಿಸದ ಮನೆಯವರು ಓಡಿಸುವಾಗ ಗಾಬರಿಯಾಗುವುದು ಸಹಜ. ಘಾಟಿ ಶುರುವಾಗುವ ಮುನ್ನ ನಾನು ಇದನ್ನು ಆಫ್ ಮಾಡುತ್ತೇನೆ. ಸ್ಟೇರಿಂಗಿನ ಮೇಲೆಯೇ ಅದಕ್ಕೊಂದು ಬಟನ್ ಇದೆಯೆ, ಅಥವಾ ಪರದೆಯ ನಾಲ್ಕು ಪುಟ ದಾಟಿ ಹುಡುಕಬೇಕೆ ಎಂಬುದು ಎರಡು ಕಾರುಗಳ ನಡುವೆ ಆಯ್ಕೆ ಮಾಡುವಷ್ಟು ದೊಡ್ಡ ವಿಷಯ.

ತುರ್ತು ಬ್ರೇಕಿಗೂ ಘಾಟಿಯಲ್ಲಿ ಒಂದು ಕಷ್ಟವಿದೆ. ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಬರುವ ಬಸ್ಸು ಕೆಲವು ಕ್ಷಣ ನೇರವಾಗಿ ನಮ್ಮ ಮೂತಿಯ ಮುಂದೆಯೇ ಇದ್ದಂತೆ ಕಾಣುತ್ತದೆ; ರಸ್ತೆ ತಿರುಗುತ್ತದೆಂಬುದು ನಮಗೆ ಗೊತ್ತು, ಯಂತ್ರಕ್ಕೆ ಯಾವಾಗಲೂ ಗೊತ್ತಾಗುವುದಿಲ್ಲ. ಒಮ್ಮೆ ಜೋಡುಪಾಲದ ಕೆಳಗಿನ ತಿರುವಿನಲ್ಲಿ ನನ್ನ ಕಾರು ಹೀಗೇ ಅರೆಕ್ಷಣ ಗಟ್ಟಿಯಾಗಿ ಬ್ರೇಕ್ ಹಿಡಿದು ಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ತಾಯಿಯ ಕೈಯಲ್ಲಿದ್ದ ಔಷಧಿಯ ಚೀಲ ಕಾಲಡಿಗೆ ಬಿತ್ತು. ಹಿಂದೆ ಬರುತ್ತಿದ್ದ ಬೈಕಿನವನು ಚರಂಡಿಯ ಅಂಚಿನವರೆಗೆ ಹೋಗಿ ನಿಂತ. ಸರ್ವಿಸ್ ಕೇಂದ್ರದವರು ಕಂಪ್ಯೂಟರಿಗೆ ಜೋಡಿಸಿ ನೋಡಿ, ದೋಷವೇನೂ ಇಲ್ಲ, ಮ್ಯಾನ್ಯುಯಲ್‌ನಲ್ಲಿ ಬರೆದಿದೆ ಎಂದರು. ನೋಡಿದರೆ ನಿಜವಾಗಿಯೂ ಬರೆದಿತ್ತು: ತೀವ್ರ ತಿರುವುಗಳಲ್ಲಿ ಅನಗತ್ಯವಾಗಿ ಕೆಲಸ ಮಾಡಬಹುದು ಎಂದು. ಮಾರುವಾಗ ಆ ಪುಟವನ್ನು ತೆರೆದು ತೋರಿಸಬೇಕಿತ್ತು ಎಂಬ ನೋವು ನನಗೆ ಈಗಲೂ ಇದೆ. ಆದರೂ ತುರ್ತು ಬ್ರೇಕನ್ನು ನಾನು ಆಫ್ ಮಾಡಿಲ್ಲ, ಎಚ್ಚರಿಕೆಯ ಅಂತರವನ್ನು ‘ಹತ್ತಿರ’ ಎಂಬಲ್ಲಿಗೆ ಇಳಿಸಿಟ್ಟಿದ್ದೇನೆ. ಮೂರು ವರ್ಷದಲ್ಲಿ ಅದು ತಪ್ಪಾಗಿ ಬ್ರೇಕ್ ಹಾಕಿದ್ದು ಆ ಒಂದು ಬಾರಿ. ಕುಶಾಲನಗರದ ಪೇಟೆಯಲ್ಲಿ ಮುಂದಿನ ಆಟೋ ತಟ್ಟನೆ ನಿಂತಾಗ ಸರಿಯಾಗಿ ಹಾಕಿದ್ದು ಎರಡು ಬಾರಿ.

ಮುಂದಿನ ವಾಹನಕ್ಕೆ ತಕ್ಕಂತೆ ತಾನೇ ವೇಗ ಹೊಂದಿಸಿಕೊಳ್ಳುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲನ್ನು ಘಾಟಿಯಲ್ಲಿ ಬಳಸಲೇಬಾರದು. ತಿರುವಿನಲ್ಲಿ ಮುಂದಿನ ವಾಹನ ನೋಟದಿಂದ ಮರೆಯಾದ ಕೂಡಲೇ ರಸ್ತೆ ಖಾಲಿಯೆಂದು ತಿಳಿದು ವೇಗ ಹೆಚ್ಚಿಸುವುದು ಅದರ ಸ್ವಭಾವ. ಉದ್ದನೆಯ ಇಳಿಜಾರಿನಲ್ಲಿ ವೇಗ ಹಿಡಿದಿಡಲು ಮತ್ತೆ ಮತ್ತೆ ಬ್ರೇಕ್ ಒತ್ತಿ ಅದನ್ನು ಕಾಯಿಸುವುದೂ ಉಂಟು. ನಮ್ಮ ಹಿರಿಯರು ಕಲಿಸಿದಂತೆ ಕೆಳ ಗೇರಿನಲ್ಲಿ ಇಳಿಯುವುದೇ ಸರಿ.

ಆನೆಕಾಡು, ತಿತಿಮತಿ

ತುರ್ತು ಬ್ರೇಕ್ ವ್ಯವಸ್ಥೆಗಳನ್ನು ವಾಹನ, ಪಾದಚಾರಿ, ಸೈಕಲ್, ಬೈಕುಗಳನ್ನು ಗುರುತಿಸುವಂತೆ ತರಬೇತುಗೊಳಿಸಿರುತ್ತಾರೆ. ಪ್ರಾಣಿಗಳನ್ನು ಗುರುತಿಸದೆ ಇರಬಹುದೆಂದು ಹೆಚ್ಚಿನ ಮ್ಯಾನ್ಯುಯಲ್‌ಗಳೇ ಹೇಳುತ್ತವೆ. ವೋಲ್ವೊ ಮಾತ್ರ ಸ್ವೀಡನ್ನಿನ ಕಡವೆಯಂಥ ದೊಡ್ಡ ಪ್ರಾಣಿಗಳಿಗಾಗಿಯೇ ಒಂದು ವ್ಯವಸ್ಥೆ ರೂಪಿಸಿತು, ಆದರೆ ಅದನ್ನು ಆಸ್ಟ್ರೇಲಿಯಾಕ್ಕೆ ಒಯ್ದಾಗ ಕಾಂಗರೂಗಳ ಮುಂದೆ ಗೊಂದಲಕ್ಕೊಳಗಾಯಿತೆಂದು 2017ರಲ್ಲಿ ಕಂಪನಿಯವರೇ ಒಪ್ಪಿಕೊಂಡರು. ನೆಲಕ್ಕೂ ಪ್ರಾಣಿಗೂ ಇರುವ ಸಂಬಂಧದಿಂದ ದೂರ ಅಳೆಯುತ್ತಿದ್ದ ಯಂತ್ರಕ್ಕೆ, ಜಿಗಿದಾಗ ಕಾಂಗರೂ ದೂರವಿದ್ದಂತೆಯೂ ಇಳಿದಾಗ ಹತ್ತಿರ ಬಂದಂತೆಯೂ ಕಾಣುತ್ತಿತ್ತು. ಒಂದು ಕಾಡಿನ ಪಾಠ ಇನ್ನೊಂದು ಕಾಡಿಗೆ ಒಗ್ಗಲಿಲ್ಲ. ಬೂದುಬಣ್ಣದ ಮೈ, ಬೂದುಬಣ್ಣದ ಮಂಜು, ಕಾಡಂಚಿನ ಬಿದಿರಿನ ಮರೆ ಇರುವಲ್ಲಿ ಆನೆಯನ್ನು ನಿಮ್ಮ ಕಾರು ಗುರುತಿಸುತ್ತದೆಂದು ನಂಬುವುದಕ್ಕೆ ಆಧಾರವೇ ಇಲ್ಲ.

ಇಲ್ಲಿ ಉಪಯೋಗಕ್ಕೆ ಬರುವುದು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 16.7 ಮೀಟರು ಹೋಗುತ್ತದೆ. ಕಂಡು, ಬ್ರೇಕಿನ ಮೇಲೆ ಕಾಲಿಡುವ ಹೊತ್ತಿಗೆ ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರು ಕಳೆದಿರುತ್ತದೆ. ಒದ್ದೆ ರಸ್ತೆಯಲ್ಲಿ ಅಲ್ಲಿಂದ ನಿಲ್ಲಲು ಇನ್ನೂ ಸುಮಾರು 35 ಮೀಟರು ಬೇಕು. ಒಟ್ಟು 60 ಮೀಟರು. ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವುದು 40ರಿಂದ 60 ಮೀಟರು. ಅದೇ 40 ಕಿ.ಮೀ. ವೇಗದಲ್ಲಿ ಒಟ್ಟು 33 ಮೀಟರಿಗೆ ಕಾರು ನಿಲ್ಲುತ್ತದೆ. ಅತ್ಯುತ್ತಮ ಯಂತ್ರವೂ ಆ ಒಂದೂವರೆ ಸೆಕೆಂಡನ್ನಷ್ಟೇ ಉಳಿಸಿಕೊಡಬಲ್ಲದು. ಒದ್ದೆ ಡಾಂಬರಿನ ಮೇಲೆ ಟೈರಿನ ಹಿಡಿತವನ್ನು ಹೆಚ್ಚಿಸಲಾರದು. ಹೀಗಾಗಿ ಕುಶಾಲನಗರ–ಸುಂಟಿಕೊಪ್ಪ ನಡುವಿನ ಆನೆಕಾಡಿನಲ್ಲಾಗಲಿ ತಿತಿಮತಿಯಲ್ಲಾಗಲಿ ರಾತ್ರಿ ಓಡಾಡುವವರು ಎರಡು ಕಾರುಗಳ ನಡುವೆ ಆಯ್ದುಕೊಳ್ಳುವಾಗ ಅಡಾಸ್ ಪಟ್ಟಿಗಿಂತ ಮೊದಲು ಹೆಡ್‌ಲೈಟನ್ನು ಹೋಲಿಸಿ, ಅದೂ ಕತ್ತಲಾದ ಮೇಲೆ. ಒಳ್ಳೆಯ ಎಲ್‌ಇಡಿ ದೀಪ, ತಿರುವಿನ ಕಡೆಗೆ ಬೆಳಕು ಚೆಲ್ಲುವ ಕಾರ್ನರಿಂಗ್ ಲ್ಯಾಂಪ್, ಗಟ್ಟಿ ಟೈರು, ಇವುಗಳಿಗೆ ಕೊಟ್ಟ ಹಣ ವರ್ಷದ ಮುನ್ನೂರರವತ್ತೈದು ರಾತ್ರಿಯೂ ಕೆಲಸ ಮಾಡುತ್ತದೆ.

ಮೈಸೂರು ದಾಟಿದ ಮೇಲೆ

ಲೆವೆಲ್ 2 ತನ್ನ ಬೆಲೆಯನ್ನು ತೀರಿಸುವ ರಸ್ತೆ ನಮಗೆ ಇರುವುದು ಒಂದೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 119 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗೆರೆಗಳಿವೆ, ವಿಭಜಕವಿದೆ, ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಕಾರಿನ ಮಿತಿ ಗಂಟೆಗೆ 100 ಕಿ.ಮೀ.; ಕ್ರೂಸ್ ಕಂಟ್ರೋಲನ್ನು ಅದಕ್ಕೆ ಹೊಂದಿಸಿದರೆ ಕ್ಯಾಮೆರಾ ದಂಡದ ಭಯವೂ ಇರುವುದಿಲ್ಲ, ಕಾಲೂ ಸೋಲುವುದಿಲ್ಲ. ಭಾನುವಾರ ರಾತ್ರಿ ಬೆಂಗಳೂರಿನಿಂದ ಮರಳುವಾಗ ಈ ಸೌಲಭ್ಯದಿಂದ ನನ್ನ ಆಯಾಸ ಕಡಿಮೆಯಾದದ್ದು ನಿಜ, ಆ ಕೃತಜ್ಞತೆಯನ್ನು ಮುಚ್ಚಿಡುವುದಿಲ್ಲ. ಆದರೆ ಅಂತರವನ್ನು ಅತಿ ದೂರಕ್ಕೆ ಹೊಂದಿಸಿ. ಮಧ್ಯೆ ಯಾರಾದರೂ ನುಗ್ಗಿದರೆ ನುಗ್ಗಲಿ. ಕೆಟ್ಟು ನಿಂತ ಲಾರಿಯನ್ನು 100ರ ವೇಗದಲ್ಲಿ ಗುರುತಿಸುವುದು ಈ ಯಂತ್ರಗಳಿಗೆ ಅತ್ಯಂತ ಕಷ್ಟದ ಕೆಲಸ. ಆ ವೇಗದಲ್ಲಿ ಎರಡು ಸೆಕೆಂಡು ಮೊಬೈಲ್ ನೋಡಿದರೆ 55 ಮೀಟರು ಕಣ್ಣುಮುಚ್ಚಿ ಹೋದಂತೆ.

ಮೈಸೂರಿನಿಂದ ಈಚೆಗೆ ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಯ ದಾರಿಯಲ್ಲಿ ಎಲ್ಲವನ್ನೂ ಆಫ್ ಮಾಡಿ ಕಾಲು ಪೆಡಲಿನ ಮೇಲೆ ಇಟ್ಟುಕೊಳ್ಳಿ. ಊರುಗಳ ಬಳಿಯ ಹಂಪ್‌ಗಳನ್ನು ಕ್ರೂಸ್ ಕಂಟ್ರೋಲ್ ನೋಡುವುದಿಲ್ಲ, ಓವರ್‌ಟೇಕ್ ಮಾಡುತ್ತ ಎದುರಿಗೇ ಬರುವ ವಾಹನವನ್ನು ಅದು ನಿಭಾಯಿಸುವುದೂ ಇಲ್ಲ.

ಯಾರಿಗೆ ಯಾವುದು

ಹತ್ತು ಹನ್ನೊಂದು ಲಕ್ಷದೊಳಗೆ ಕೊಳ್ಳುವವರು, ಓಡಾಟವೆಲ್ಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯೊಳಗೇ ಇರುವವರು ಅಡಾಸ್‌ಗೆಂದು ವೇರಿಯಂಟ್ ಏರಿಸಬೇಕಾಗಿಲ್ಲ. ಆರು ಏರ್‌ಬ್ಯಾಗ್, ಇಎಸ್‌ಸಿ, ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್, ಒಳ್ಳೆಯ ದೀಪ, ಭಾರತ್ ಎನ್‌ಕ್ಯಾಪ್‌ನ ನಾಲ್ಕೋ ಐದೋ ನಕ್ಷತ್ರ ಇವಿಷ್ಟು ಸಾಕು. ಇವೆಲ್ಲ ಇದ್ದು ಜೊತೆಗೆ ಕ್ಯಾಮೆರಾ ಆಧಾರಿತ ತುರ್ತು ಬ್ರೇಕ್ ಕೂಡ ಬರುವುದಾದರೆ ಬೇಡವೆನ್ನಬೇಡಿ, ಹಗಲಿನಲ್ಲೂ ಪೇಟೆಯಲ್ಲೂ ಅದು ಖಂಡಿತ ನೆರವಾಗುತ್ತದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ, ಅವರಲ್ಲಿ ಶೇ 44ಕ್ಕೂ ಹೆಚ್ಚು ದ್ವಿಚಕ್ರ ವಾಹನದವರು. ಹಾಗಾಗಿ ಬೈಕನ್ನು ಗುರುತಿಸುತ್ತದೆಯೆ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ತೋಟದ ಗೇಟು ನೇರವಾಗಿ ಹೆದ್ದಾರಿಗೆ ತೆರೆಯುವ ಮನೆಗಳವರಿಗೆ ನನ್ನ ಆಯ್ಕೆ ಬೇರೆ. ಹಿಂಬದಿಯ ಬಂಪರಿನ ಎರಡು ಮೂಲೆಗಳಲ್ಲಿ ರೇಡಾರ್ ಇರುವ ಕಾರು ರಿವರ್ಸ್ ಬರುವಾಗ ಪಕ್ಕದಿಂದ ಬರುತ್ತಿರುವ ವಾಹನವನ್ನು, ನಮಗೆ ಅದು ಕಾಣುವ ಮುನ್ನವೇ ತಿಳಿಸುತ್ತದೆ. ಬೇಲಿಯ ಲಂಟಾನ ಎರಡೂ ಕಡೆ ಬೆಳೆದು ನಿಂತಿರುವ ಗೇಟಿನಲ್ಲಿ ಇದು ಪ್ರತಿದಿನ ಕೆಲಸಕ್ಕೆ ಬರುವ ಸೌಲಭ್ಯ. ಮುಂದಿನ ರೇಡಾರ್‌ಗಿಂತ ಹಿಂದಿನ ರೇಡಾರೇ ನನಗೆ ಹೆಚ್ಚು ಆಪ್ತವಾಗಿದೆ. ಸುತ್ತಲೂ ತೋರಿಸುವ 360 ಡಿಗ್ರಿ ಕ್ಯಾಮೆರಾ ಅನುಕೂಲ, ಅಷ್ಟೆ.

ತಿಂಗಳಿಗೆ ಎರಡಕ್ಕಿಂತ ಹೆಚ್ಚು ಬಾರಿ ಬೆಂಗಳೂರಿಗೆ ಹೋಗುವವರು ಮಾತ್ರ ಕ್ಯಾಮೆರಾ ಮತ್ತು ರೇಡಾರ್ ಎರಡೂ ಇರುವ, ನಿಂತು ಮತ್ತೆ ಹೊರಡುವ ಕ್ರೂಸ್ ಕಂಟ್ರೋಲ್ ಇರುವ ಲೆವೆಲ್ 2 ಕಾರನ್ನು ಪರಿಗಣಿಸಬಹುದು. ಹಳೆಯ ಕಾರಿಗೆ ಹೊರಗಿನಿಂದ ಕೂರಿಸುವ ‘ಅಡಾಸ್ ಡ್ಯಾಶ್‌ಕ್ಯಾಮ್’ಗಳು ಸದ್ದು ಮಾಡುತ್ತವೆ, ಬ್ರೇಕ್ ಹಾಕುವುದಿಲ್ಲ, ಆ ಹಣಕ್ಕೆ ಹೊಸ ಟೈರು ಹಾಕಿಸುವುದು ಮೇಲು.

ಕೊಳ್ಳುವ ಮುನ್ನ, ಕೊಂಡ ಮೇಲೆ

ಮ್ಯಾನ್ಯುಯಲ್‌ನಲ್ಲಿ ವ್ಯವಸ್ಥೆಯ ಮಿತಿಗಳನ್ನು ಹೇಳುವ ಅಧ್ಯಾಯವನ್ನು ಹಣ ಕಟ್ಟುವ ಮುನ್ನವೇ ಓದಿ. ಹೆಚ್ಚಿನ ಕಂಪನಿಗಳ ಮ್ಯಾನ್ಯುಯಲ್ ಅಂತರ್ಜಾಲದಲ್ಲಿ ಸಿಗುತ್ತದೆ. ಒಮ್ಮೆ ಆರಿಸಿದ ಲೇನ್ ಸೌಲಭ್ಯ ಮರುದಿನ ಕಾರು ಶುರು ಮಾಡಿದಾಗ ಮತ್ತೆ ತಾನೇ ಹೊತ್ತಿಕೊಳ್ಳುತ್ತದೆಯೆ ಎಂದು ನೋಡಿ. ಮುಂಗಾಜು ಒಡೆದು ಬದಲಾಯಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕು, ಬಂಪರ್ ಬಿಚ್ಚಿ ಹಾಕಿದರೆ ರೇಡಾರನ್ನು ಕೂಡ. ಆ ಸಲಕರಣೆ ಹತ್ತಿರದ ಸರ್ವಿಸ್ ಕೇಂದ್ರದಲ್ಲಿದೆಯೆ, ಅಥವಾ ಮೈಸೂರಿಗೋ ಮಂಗಳೂರಿಗೋ ಒಯ್ಯಬೇಕೆ ಎಂದು ಕೇಳಿ ತಿಳಿದುಕೊಳ್ಳಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಬೇಡಿ. ಅದು ಕಾನೂನುಬಾಹಿರ, ಮೇಲಾಗಿ ರೇಡಾರನ್ನೂ ಏರ್‌ಬ್ಯಾಗ್‌ನ ಸೆನ್ಸರುಗಳನ್ನೂ ಕೆಡಿಸುತ್ತದೆ. ಮಳೆಗಾಲದಲ್ಲಿ ತೋಟದ ಮಣ್ಣುದಾರಿಯಿಂದ ಹೆದ್ದಾರಿಗೆ ಇಳಿಯುವ ಮುನ್ನ ಒದ್ದೆ ಬಟ್ಟೆಯಿಂದ ಮುಂಗಾಜಿನ ಮೇಲ್ಭಾಗವನ್ನೂ ಬಂಪರಿನ ನಡುವಿನ ಕಪ್ಪು ಫಲಕವನ್ನೂ ಒರೆಸಿಕೊಳ್ಳುವುದು ಒಂದು ನಿಮಿಷದ ಕೆಲಸ.

ಟೆಸ್ಟ್ ಡ್ರೈವ್‌ಗೆ ಕಾರನ್ನು ಸಂಜೆಯ ಹೊತ್ತಿಗೆ ಕುಶಾಲನಗರಕ್ಕೆ ತರಿಸಿಕೊಳ್ಳಿ, ಅಲ್ಲಿಂದ ಆನೆಕಾಡು ದಾಟಿ ಮಡಿಕೇರಿಯವರೆಗೆ ನೀವೇ ಓಡಿಸಿ. ಮಾರುವವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮನೆಯಲ್ಲಿ ಕಾರು ಓಡಿಸುವ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬರುವಾಗ ಅವರು ಓಡಿಸಲಿ. ನನ್ನ ಹೆಂಡತಿ ಹಾಗೆ ಓಡಿಸಿದ ದಿನ ಕೆದಕಲ್‌ನ ಇಳಿಜಾರಿನಲ್ಲಿ ಲೇನ್ ಎಳೆತ ಬಂದ ಕೂಡಲೇ ಕಾರು ನಿಲ್ಲಿಸಿ, ಇದನ್ನು ಆರಿಸುವ ಬಟನ್ ಯಾವುದು ಎಂದು ಕೇಳಿದಳು. ಹಿಂದೆ ಕೂತಿದ್ದ ಹುಡುಗನಿಗೆ ಅದು ಗೊತ್ತಿರಲಿಲ್ಲ. ಆ ಕಾರನ್ನು ನಾವು ಕೊಳ್ಳಲಿಲ್ಲ.